ಶೆಡ್ಡಿಲ್ಲದ ಕಾರಿಗೆ ಮಳೆಗಿಂತ ತೇವದ ಕಾಟ ಹೆಚ್ಚು

ನನ್ನ ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿಗೆ ಶೆಡ್ಡಿಲ್ಲ. ಮನೆ ಪಕ್ಕದ ಬಯಲಲ್ಲೇ ಅದರ ವಾಸ, ಓಡುವುದಕ್ಕಿಂತ ನಿಂತಿರುವುದೇ ಹೆಚ್ಚು. ನೋಡಿದವರೆಲ್ಲ ಕೇಳುವುದು ಒಂದೇ: ‘ಮಳೆಗೆ ಹಾಳಾಗಲ್ವಾ?’ ಮಳೆಯಲ್ಲಿ ಓಡಾಡಲಿಕ್ಕೆಂದೇ ಮಾಡಿದ ವಸ್ತು ಮಳೆಗೆ ಅಷ್ಟು ಸುಲಭವಾಗಿ ಹಾಳಾಗುವುದಿಲ್ಲ. ನೆನೆದ ಮೇಲೆ ಒಣಗಲು ಬಿಡದಿದ್ದರೆ ಮಾತ್ರ ಕಥೆ ಮುಗಿಯಿತು. ಹಾಗಾಗಿ ನನ್ನ ಲೆಕ್ಕ ಇಷ್ಟೇ: ನೀರು ಬಂದರೆ ಬರಲಿ, ಹೋಗಲು ದಾರಿ ಇರಬೇಕು, ಕಾರಿನ ಸುತ್ತ ಗಾಳಿ ಆಡುತ್ತಿರಬೇಕು.

ಮೊದಲು ನೆಲ ನೋಡಿ. ಹುಲ್ಲಿನ ಮೇಲೆ, ಬರಿ ಮಣ್ಣಿನ ಮೇಲೆ ತಿಂಗಳುಗಟ್ಟಲೆ ನಿಲ್ಲಿಸಿದರೆ ಕೆಳಗಿನಿಂದ ಏಳುವ ತೇವ ನೇರವಾಗಿ ತಳಕ್ಕೇ ಬಡಿಯುತ್ತದೆ. ಕಾಂಕ್ರೀಟ್ ಇದ್ದರೆ ಒಳ್ಳೆಯದು, ಇಲ್ಲವಾದರೆ ಜಲ್ಲಿ. ಮಣ್ಣೇ ಗತಿ ಎಂದಾದರೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಚಕ್ರಗಳ ಕೆಳಗೆ ಪ್ಲೈವುಡ್ ತುಂಡು ಕೊಡಿ. ಹಾಳೆಯ ಮೇಲೆ ನೀರು ನಿಲ್ಲದಂತೆ ಒಂದು ಬದಿಗೆ ಸ್ವಲ್ಪ ಇಳಿಜಾರಿರಲಿ. ಸೂರಿನ ಅಂಚಿನಿಂದ ನೀರು ತೊಟ್ಟಿಕ್ಕುವ ಜಾಗ ಬೇಡ. ಗೋಡೆಗೆ ಒತ್ತಿಸಿ ನಿಲ್ಲಿಸುವುದೂ ಬೇಡ, ಆ ಮಗ್ಗುಲು ಒಣಗುವುದೇ ಇಲ್ಲ. ಬಾಗಿಲು ಪೂರ್ತಿ ತೆರೆಯುವಷ್ಟಾದರೂ ಜಾಗ ಬಿಡಿ.

ಮರದ ನೆರಳು ಆಸೆ ಹುಟ್ಟಿಸುತ್ತದೆ, ಗೊತ್ತು. ಆದರೆ ಅಂಟು, ಹಕ್ಕಿ ಹಿಕ್ಕೆ, ಎಲೆ, ಒಣಗಿದ ಕೊಂಬೆ, ಎಲ್ಲ ಮೇಲಿನಿಂದಲೇ ಬೀಳುವುದು. ಬಿಸಿಲಿಗಾದರೆ ಹೊದಿಕೆ ಹಾಕಬಹುದು, ಕೊಂಬೆಗೆ ಏನು ಹಾಕುತ್ತೀರಿ? ಹಿಕ್ಕೆ ಬಿತ್ತು ಎಂದುಕೊಳ್ಳಿ. ಅದು ಆಮ್ಲ, ಬಿಸಿಲಿಗೆ ಕಾದ ಪೇಂಟಿನೊಳಗೆ ಇಳಿದು ಕಲೆ ಕೂರುತ್ತದೆ, ಅದಕ್ಕೇ ಅವತ್ತೇ ತೆಗೆಯಬೇಕು. ಉಗುರಲ್ಲಿ ಕೆರೆಯಬಾರದು, ಒಣ ಬಟ್ಟೆಯಲ್ಲಿ ಉಜ್ಜಲೂಬಾರದು. ನೀರು ತೊಟ್ಟಿಕ್ಕುವ ಬಟ್ಟೆಯನ್ನು ಅದರ ಮೇಲೆ ಹಾಗೇ ಹಾಕಿಟ್ಟು, ನೆಂದು ಮೆತ್ತಗಾದ ಮೇಲೆ ಮೇಲಕ್ಕೆತ್ತಿ.

ಇನ್ನು ಕವರ್. ಎಲ್ಲರೂ ಎಡವುವುದು ಇಲ್ಲಿಯೇ.

ಪ್ಲಾಸ್ಟಿಕ್ ಟಾರ್ಪಾಲನ್ನು ಕಾರಿನ ಮೈಗೆ ತಾಗುವಂತೆ ಹೊದಿಸುವುದಕ್ಕಿಂತ ಹಾಗೇ ಬಿಡುವುದು ವಾಸಿ. ರಾತ್ರಿ ತಗಡು ತಣ್ಣಗಾದಾಗ ಒಳಗಿನ ಗಾಳಿಯ ತೇವವೆಲ್ಲ ಅದರ ಮೇಲೆ ಹನಿಗಟ್ಟುತ್ತದೆ. ಬೆಳಗ್ಗೆ ಬಿಸಿಲು ಬಿದ್ದ ಕೂಡಲೇ ಅದೇ ಹನಿ ಹಬೆಯಾಗುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ದಿನಾ ಇದೇ ನಡೆದರೆ ಪೇಂಟಿನ ಕೆಳಗೆ ಸಣ್ಣ ಗುಳ್ಳೆ ಏಳುತ್ತವೆ, ಕ್ರೋಮ್ ಮಂಕಾಗುತ್ತದೆ, ತಗಡು ಸೇರುವ ಕಡೆಯಲ್ಲೆಲ್ಲ ತುಕ್ಕು ಶುರುವಾಗುತ್ತದೆ. ಬೇಕಾದದ್ದು ಉಸಿರಾಡುವ ಬಟ್ಟೆ: ಹೊರಗಿನ ನೀರು ತಡೆದು, ಒಳಗಿನ ಹಬೆಯನ್ನು ಹೊರಗೆ ಬಿಡುವಂಥದ್ದು, ಒಳಮೈ ಮೆತ್ತಗಿರುವಂಥದ್ದು. ಪೊಟ್ಟಣದ ಮೇಲೆ ಎಲ್ಲರೂ ಹಾಗೆಂದೇ ಬರೆದಿರುತ್ತಾರೆ. ನಂಬುವ ಮೊದಲು ಒಂದು ಪರೀಕ್ಷೆ ಮಾಡಿ. ಲೋಟದಲ್ಲಿ ಕುದಿಯುವ ನೀರು ಹಾಕಿ, ಕವರಿನ ಒಂದು ಮೂಲೆಯನ್ನು ಅದರ ಬಾಯಿಗೆ ಬಿಗಿಯಾಗಿ ಎಳೆದು ಹಿಡಿದು, ಮೇಲೊಂದು ಸಣ್ಣ ಕನ್ನಡಿ ಹಿಡಿಯಿರಿ. ಕನ್ನಡಿ ಮಬ್ಬಾದರೆ ಹಬೆ ದಾಟಿತು ಎಂದರ್ಥ. ಕನ್ನಡಿ ನಿಚ್ಚಳವಾಗೇ ಉಳಿದು ಬಟ್ಟೆಯ ಅಡಿಯಲ್ಲಿ ಹನಿ ಕಟ್ಟಿದರೆ ಆ ಕವರ್ ವಾಪಸ್ ಮಾಡಿ. ಆಮೇಲೆ ಅದೇ ಮೂಲೆಯ ಮೇಲೆ ತಣ್ಣೀರು ಸುರಿದು, ಕೆಳಗೆ ಸೋರುತ್ತದೆಯೇ ನೋಡಿ.

ಒಳ್ಳೆಯ ಕವರೂ ಕೊಳಕು ಕಾರಿನ ಮೇಲೆ ಬಿದ್ದರೆ ಶತ್ರುವೇ. ಗಾಳಿಗೆ ಪಟಪಟ ಅಲುಗುವ ಬಟ್ಟೆ, ಅದರಡಿಯಲ್ಲಿ ಧೂಳು, ಎರಡೂ ಸೇರಿದರೆ ಮರಳು ಕಾಗದ ಉಜ್ಜಿದ ಹಾಗೆ. ಈಗಿನ ಕಾರುಗಳ ಪೇಂಟಿನ ಮೇಲಿರುವ ಪಾರದರ್ಶಕ ಪದರ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ನನ್ನದರಂಥ ಹಳೇ ಗಾಡಿಗಳಲ್ಲಿ ಎಷ್ಟೋ ಸಲ ಆ ಪದರವೇ ಇರುವುದಿಲ್ಲ, ಸವೆಯುವುದು ಬಣ್ಣವೇ. ಆದ್ದರಿಂದ ತೊಳೆದು, ಪೂರ್ತಿ ಒಣಗಿಸಿ, ಮೇಣದ ಪಾಲಿಶ್ ಹಚ್ಚಿದ ಮೇಲೆ ಕವರ್. ಕನ್ನಡಿ ಹಿಂದೆ, ಬಾಗಿಲ ಸಂದಿನಲ್ಲಿ, ಬಂಪರ್ ಒಳಗೆ ನೀರು ಉಳಿದಿರುತ್ತದೆ. ಒಂದು ಸುತ್ತು ಓಡಿಸಿ ಬಂದರೆ ಅದೂ ಹೋಗುತ್ತದೆ. ಹೊಟ್ಟೆಯ ಕೆಳಗಿನಿಂದ ಎರಡು ಪಟ್ಟಿ ಬಿಗಿದು ಕಟ್ಟಿ, ಮೇಲಿನಿಂದ ಹಗ್ಗ ಬೇಡ. ಆಂಟೆನಾ ತುದಿ, ಬಂಪರ್ ಮೂಲೆಗಳಿಗೆ ಮೊದಲು ಸ್ಪಂಜು ಸುತ್ತಿ, ಕವರ್ ಹರಿಯುವುದು ಅಲ್ಲೇ. ಒಣ ಹವೆ ಇರುವ ದಿನ ಸಿಕ್ಕಿತೋ, ಕವರ್ ತೆಗೆದು ಕಾರಿಗೂ ಕವರಿಗೂ ಕೆಲವು ಗಂಟೆ ಗಾಳಿ ಕೊಡಿ.

ಹಾಗಾದರೆ ಟಾರ್ಪಾಲಿಗೆ ಕೆಲಸವೇ ಇಲ್ಲವೇ? ಇದೆ, ಚಾವಣಿಯಾಗಿ. ಕಬ್ಬಿಣದ ಕೊಳವೆಯ ಚೌಕಟ್ಟು ಮಾಡಿ, ಅದರ ಮೇಲೆ ಟಾರ್ಪಾಲನ್ನು ಇಳಿಜಾರಾಗಿ ಎಳೆದು ಕಟ್ಟಿ, ನಾಲ್ಕೂ ಬದಿ ತೆರೆದೇ ಬಿಡುವುದು. ನನ್ನ ಬೀಟಲ್‌ಗೆ ಇದೇ ವ್ಯವಸ್ಥೆ. ಬಿಸಿಲು, ಮಳೆಯ ಹೊಡೆತವನ್ನು ಚಾವಣಿ ತಿನ್ನುತ್ತದೆ, ಧೂಳು, ಇರಚಲನ್ನು ಕವರ್ ನೋಡಿಕೊಳ್ಳುತ್ತದೆ, ನಡುವೆ ಗಾಳಿ ಓಡಾಡುತ್ತದೆ. ಕಂಬಗಳನ್ನು ನೆಲಕ್ಕೆ ಗಟ್ಟಿಯಾಗಿ ಹುಗಿಯಿರಿ, ಬಿರುಗಾಳಿಗೆ ಚೌಕಟ್ಟೇ ಹಾರಿ ಕಾರಿನ ಮೇಲೆ ಕೂತರೆ ಕೇಳುವವರಿಲ್ಲ. ದೊಡ್ಡ ಗಾಳಿಯ ಮುನ್ಸೂಚನೆ ಇದ್ದರೆ ಟಾರ್ಪಾಲು ಬಿಚ್ಚಿಡಿ.

ನೀರು ಹೋಗುವ ದಾರಿ ಎಂದೆನಲ್ಲ, ಅದು ಕಾರಿನೊಳಗೂ ಇದೆ. ಮುಂಗಾಜಿನ ಬುಡದ ಜಾಲರಿಯ ಕೆಳಗೆ, ಪ್ರತಿ ಬಾಗಿಲಿನ ತಳದ ಅಂಚಿನಲ್ಲಿ, ಸನ್‌ರೂಫ್ ಇದ್ದರೆ ಅದರ ಮೂಲೆಗಳಲ್ಲಿ ಸಣ್ಣ ತೂತುಗಳಿರುತ್ತವೆ. ಎಲೆಯ ಚೂರು ಸೇರಿ ಅವು ಕಟ್ಟಿಕೊಂಡರೆ ನೀರು ಬಾಗಿಲಲ್ಲೇ ನಿಲ್ಲುತ್ತದೆ ಅಥವಾ ಕಾಲಡಿಗೆ ಇಳಿಯುತ್ತದೆ. ಪ್ಲಾಸ್ಟಿಕ್ ಕೇಬಲ್ ಟೈ ಒಂದನ್ನು ಬಾಗಿಲಿನ ತೂತಿಗೆ ತೂರಿಸಿ ಆಡಿಸಿದರೆ ಸಾಕು. ಸನ್‌ರೂಫ್ ಮೂಲೆಗೆ ಅರ್ಧ ಲೋಟ ನೀರು ಹನಿಸಿ. ಅದು ಕಾರಿನ ಅಡಿಯಲ್ಲಿ ಎಲ್ಲಾದರೂ ಹೊರಬರಬೇಕು. ಬರಲಿಲ್ಲವೆಂದರೆ ಒಳಗೇ ಎಲ್ಲೋ ಸೇರುತ್ತಿದೆ.

ಕಾರ್ಪೆಟ್ಟನ್ನು ಮೇಲಿನಿಂದ ಮುಟ್ಟಿ ‘ಒಣಗಿದೆ’ ಎನ್ನಬೇಡಿ. ಅಂಚು ಎತ್ತಿ, ಕೆಳಗಿನ ಮೆತ್ತೆಯನ್ನು ಅಂಗೈಯಲ್ಲಿ ಒತ್ತಿ ನೋಡಿ. ಮೇಲೆ ಗರಿಗರಿಯಾಗಿದ್ದು ಕೆಳಗೆ ಚಿಲ್ಲನೆ ನೀರು ಜಿನುಗುವುದುಂಟು. ಬೀಟಲ್‌ನಲ್ಲಿ ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ, ಆ ಜಾಗದ ತಳವೇ ಮೊದಲು ತಿಂದುಹೋಗುವುದು. ಬಾಗಿಲ ಕೆಳಗಿನ ಟೊಳ್ಳು ಪೆಟ್ಟಿಗೆಗಳದ್ದೂ ಅದೇ ಪಾಡು: ಇಂಜಿನ್‌ನ ಬಿಸಿಗಾಳಿ ಒಳಗೆ ಬರುವುದು ಅವುಗಳ ಮೂಲಕ, ತುಕ್ಕು ಹಿಡಿಯುವುದು ಒಳಗಿನಿಂದ, ಹೊರಗೆ ಪೇಂಟ್ ಮಾತ್ರ ಫಳಫಳ. ಯಾವ ಕಾರಾದರೂ ಇಂಥ ಟೊಳ್ಳುಗಳೊಳಗೆ ಮೇಣದಂಥ ತುಕ್ಕುನಿರೋಧಕ ಸಿಂಪಡಿಸಿಸುವುದು ಕವರಿಗಿಂತ ದೊಡ್ಡ ಉಪಕಾರ.

ಒಳಗಿನ ತೇವ ಹೀರಲು ಸಿಲಿಕಾ ಜೆಲ್ ಚೀಲ ಇಡಿ. ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಹೆಚ್ಚು ಹೀರುತ್ತದೆ ನಿಜ, ಆದರೆ ಅದರಲ್ಲಿ ಕೂಡುವ ದ್ರವ ಚೆಲ್ಲಿದರೆ ತಗಡಿಗೆ ತುಕ್ಕೇ. ನಾನಂತೂ ಇಡುವುದಿಲ್ಲ.

ಇಲಿಗಳಿಗೆ ನಿಂತ ಕಾರು ಎಂದರೆ ಸಿದ್ಧ ಮನೆ. ಸೈಲೆನ್ಸರ್ ಬಾಯಿಗೆ, ಇಂಜಿನ್ ಗಾಳಿ ಎಳೆಯುವ ಕೊಳವೆಗೆ ಉಕ್ಕಿನ ನಾರು ತುರುಕಿ, ತಕ್ಷಣ ನೆನಪಿಗೆಂದು ಸ್ಟಿಯರಿಂಗ್‌ಗೆ ಒಂದು ಕೆಂಪು ಬಟ್ಟೆ ಕಟ್ಟಿ. ಅದಿಲ್ಲದೆ ಮರೆತು ಸ್ಟಾರ್ಟ್ ಮಾಡಿದರೆ ಇಲಿಯೇ ಮೇಲು ಅನ್ನಿಸುತ್ತದೆ. ತಿಂಡಿಯ ಚೂರು ಒಳಗಿರಬಾರದು. ಆಗಾಗ ಟಾರ್ಚ್ ಹಿಡಿದು ಇಂಜಿನ್ ಸುತ್ತ ನೋಡಿ. ಹತ್ತಿ ಚೂರು, ಹಿಕ್ಕೆ ಕಂಡರೆ ಏರ್ ಫಿಲ್ಟರ್ ಬಿಚ್ಚಿ.

ಈಗ ‘ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಡಿ’ ಎಂಬ ಬಿಟ್ಟಿ ಸಲಹೆಯ ಬಗ್ಗೆ. ದಯವಿಟ್ಟು ಬೇಡ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ, ಹಬೆಯ ರೂಪದಲ್ಲಿ. ಇಂಜಿನ್ ಚೆನ್ನಾಗಿ ಕಾದಿದ್ದರೆ ಅದು ಹೊರಗೆ ಹೋಗುತ್ತದೆ. ಐದೇ ನಿಮಿಷಕ್ಕೆ ನಿಲ್ಲಿಸಿದರೆ ಸೈಲೆನ್ಸರ್ ಒಳಗೆ, ಆಯಿಲ್‌ನಲ್ಲಿ ನೀರಾಗಿ ಕೂರುತ್ತದೆ. ಬ್ಯಾಟರಿ ಕಳೆದುಕೊಂಡ ಚಾರ್ಜೂ ವಾಪಸ್ ಬರುವುದಿಲ್ಲ. ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ ಬನ್ನಿ, ಇಲ್ಲವೇ ಮುಟ್ಟಬೇಡಿ. ದೀರ್ಘ ಕಾಲ ನಿಲ್ಲಿಸುವ ಮುಂಚಿನ ಕೊನೆಯ ಓಟಕ್ಕೆ ಹೊಸ ಆಯಿಲ್ ಹಾಕಿ (ಹಳೆಯದರಲ್ಲಿ ಆಮ್ಲ ಸೇರಿರುತ್ತದೆ), ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ಬೆರೆಸಿ. ತುಂಬಿದ ಟ್ಯಾಂಕಿನಲ್ಲಿ ತೇವದ ಗಾಳಿಗೆ ಜಾಗ ಕಡಿಮೆ. ಎಥನಾಲ್ ಬೆರೆತ ಪೆಟ್ರೋಲ್ ನೀರನ್ನು ಹೀರಿಕೊಳ್ಳುವುದರಿಂದ ಇದು ಇನ್ನೂ ಮುಖ್ಯ.

ಪೂರ್ತಿ ಚಾರ್ಜಾಗಿ ಸುಮ್ಮನಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಇಳಿದರೆ ಅರ್ಧ ಖಾಲಿ. ಹಾಗೇ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಹಳೇ ಕಾರಾದರೆ ನೆಗೆಟಿವ್ ತಂತಿ ಬಿಚ್ಚಿಡಿ. ಹೊಸ ಕಾರುಗಳಿಗೆ ಬ್ಯಾಟರಿ ಇಳಿಯದಂತೆ ನೋಡಿಕೊಳ್ಳುವ ಸಣ್ಣ ಮೇಂಟೇನರ್ ಚಾರ್ಜರ್ ಒಳ್ಳೆಯದು. ಬಯಲಲ್ಲಿ ಕರೆಂಟ್ ಎಲ್ಲಿಂದ ಎಂದರೆ, ಚಾರ್ಜ್ ಮಿತಿಮೀರದಂತೆ ತಡೆಯುವ ಕಂಟ್ರೋಲರ್ ಇರುವ ಪುಟ್ಟ ಸೋಲಾರ್ ಫಲಕ ಸಿಗುತ್ತದೆ, ಚಾವಣಿಯ ಚೌಕಟ್ಟಿನ ಮೇಲೆ ಕೂರಿಸಬಹುದು.

ಟೈರಿಗೆ ಮಾಮೂಲಿಗಿಂತ ತುಸು ಹೆಚ್ಚು ಗಾಳಿ, ಆದರೆ ಪಕ್ಕದಲ್ಲಿ ಅಚ್ಚಾದ ಗರಿಷ್ಠ ಮಿತಿ ದಾಟಬಾರದು. ಆಗಾಗ ಚಕ್ರ ಕಾಲು ಭಾಗ ಸುತ್ತುವಷ್ಟು ಕಾರನ್ನು ತಳ್ಳಿ ಸರಿಸಿ. ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಬ್ರೇಕ್ ಶೂ ಚಕ್ರದೊಳಗಿನ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು, ಚಕ್ರಗಳು ಉರುಳದಂತೆ ಎರಡೂ ಕಡೆ ಮರದ ತುಂಡು ಅಡ್ಡ ಕೊಡಿ. ಕಳ್ಳರಿಗೆ ಸ್ಟಿಯರಿಂಗ್ ಲಾಕು, ಬ್ಯಾಟರಿಗೊಂದು ಗುಪ್ತ ಸ್ವಿಚ್ಚು. ವಿಮೆಯವರಿಗೆ ಕಾರು ರಾತ್ರಿ ಬಯಲಲ್ಲೇ ನಿಲ್ಲುತ್ತದೆ ಎಂಬ ನಿಜ ಹೇಳಿರಿ.

ಮತ್ತೆ ಹೊರತೆಗೆಯುವಾಗ ಕೆಂಪು ಬಟ್ಟೆ ನೋಡಿ ಉಕ್ಕಿನ ನಾರು ಕೀಳಿ, ಆಯಿಲ್, ಬ್ರೇಕ್ ಫ್ಲೂಯಿಡ್ ಮಟ್ಟ ನೋಡಿ, ಪೆಟ್ರೋಲ್ ಪೈಪುಗಳನ್ನು ಬಗ್ಗಿಸಿ ಬಿರುಕು ಹುಡುಕಿ. ಸ್ಟಾರ್ಟ್ ಆದ ಮೇಲೆ ಅಂಗಳದಲ್ಲೇ ನಿಧಾನವಾಗಿ ಹೋಗಿ ಬ್ರೇಕ್ ಒತ್ತಿ. ಮೊದಮೊದಲು ಕರಕರ ಸದ್ದು ಬಂದರೆ ಅದು ಮೇಲ್ಮೈ ತುಕ್ಕು, ನಾಲ್ಕೈದು ಸಲಕ್ಕೆ ಹೋಗುತ್ತದೆ. ಪೆಡಲ್ ಮೆತ್ತಗೆ ಕೆಳಗಿಳಿದರೆ ಮಾತ್ರ ಗೇಟು ದಾಟಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.