ಇಡೀ ಕೋಳಿಗೆ ಮೊಸರು ಹಚ್ಚಬೇಡಿ

ಮೊದಲ ಸಲ ನಾನು ಇಡೀ ಕೋಳಿಯನ್ನು ಓವನ್‌ನಲ್ಲಿ ಸುಡಲು ಹೋದದ್ದು ಸೇಡಂನಿಂದ ತಂಗಿಯ ಮನೆಯವರು ಬಂದಿದ್ದ ಭಾನುವಾರ. ಮೊಸರು, ಶುಂಠಿ ಬೆಳ್ಳುಳ್ಳಿ, ಖಾರದ ಪುಡಿ, ಗರಂ ಮಸಾಲೆ ಎಲ್ಲವನ್ನೂ ಗೋಡೆಗೆ ಗಿಲಾವು ಮಾಡಿದ ಹಾಗೆ ಮೆತ್ತಿದ್ದೆ. ಅರ್ಧ ಗಂಟೆಯಲ್ಲಿ ಮೈಯೆಲ್ಲ ಕರ್ರಗಾಯಿತು. ಬೆಂದಿತೆಂದು ಹೊರತೆಗೆದು ಕೊಯ್ದರೆ ತೊಡೆಯ ಸಂದಿಯಲ್ಲಿ ಹಸಿ ಕೆಂಪು. ಕೊನೆಗೆ ತುಂಡು ಮಾಡಿ ಕುಕ್ಕರಿಗೆ ಹಾಕಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವ, "ಸಾರೇ ಮಾಡುವುದಾಗಿದ್ದರೆ ಬೆಳಗ್ಗೆಯೇ ಹೇಳಬಾರದಿತ್ತೇನೋ" ಎಂದಳು.

ನಾಲ್ಕನೆಯ ಸಲಕ್ಕೆ ಸರಿ ಬಂತು. ಹೇಗೆಂದು ಹೇಳುತ್ತೇನೆ.

ಅರ್ಧ ಕೆಲಸ ಅಂಗಡಿಯಲ್ಲೇ ಇದೆ. ಕಲಬುರಗಿಯಲ್ಲಿ ನಾನು ಹೋಗುವ ಚಿಕನ್ ಅಂಗಡಿಯಲ್ಲಿ ಕೇಳದೆಯೇ ಚರ್ಮ ಸುಲಿಯುತ್ತಾರೆ. ನೀವು ಮೊಬೈಲ್ ನೋಡುವಷ್ಟರಲ್ಲಿ ಕೋಳಿ ತುಂಡಾಗಿರುತ್ತದೆ. ತಕ್ಕಡಿಗೆ ಇಡುವ ಮೊದಲೇ "ಭಾಯಿ, ಚರ್ಮ ಸಮೇತ, ಇಡಿಯಾಗಿ ಬೇಕು" ಎನ್ನಿ. ಪುಕ್ಕ ಕೀಳಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಭಾನುವಾರದ ಗದ್ದಲದಲ್ಲಿ ಹೋಗಬೇಡಿ, ಶನಿವಾರವೇ ತನ್ನಿ. ಸ್ವಚ್ಛ ಮಾಡಿದ ಮೇಲೆ 1.2 ಕಿಲೋ ಇದ್ದರೆ ಸಾಕು. ಅದಕ್ಕಿಂತ ದೊಡ್ಡದು ಸಣ್ಣ ಓಟಿಜಿಯಲ್ಲಿ, ಅಂದರೆ ಮನೆಯ ಕರೆಂಟಿನ ಓವನ್‌ನಲ್ಲಿ, ಮೇಲಿನ ರಾಡಿಗೆ ತಾಗಿ ಸುಟ್ಟುಹೋಗುತ್ತದೆ.

ಮನೆಗೆ ತಂದು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ. ಹಸಿ ಕೋಳಿಯ ನೀರು ಸಿಡಿದು ರೋಗಾಣುಗಳು ಸಿಂಕ್, ಪಾತ್ರೆಗಳಿಗೆಲ್ಲ ಹರಡುತ್ತವೆ. ಒಳಗೆ ಬೆನ್ನೆಲುಬಿಗೆ ಅಂಟಿದ ರಕ್ತವನ್ನು ಪೇಪರ್ ಟವೆಲಿನಿಂದ ಒರೆಸಿ ತೆಗೆಯಿರಿ. ತೊಳೆಯದ ಕೋಳಿ ಎಂದರೆ ಅವ್ವ ಮುಖ ಸಿಂಡರಿಸುತ್ತಾಳೆ. ಈ ಮಾತನ್ನು ನಾನು ಮನೆಯಲ್ಲಿ ಎತ್ತುವುದಿಲ್ಲ.

ಈಗ ಎರಡೂವರೆ ಚಹಾ ಚಮಚ ಉಪ್ಪು, ಅಂದರೆ ಸುಮಾರು 15 ಗ್ರಾಂ, ಒಳಗೂ ಹೊರಗೂ ಸವರಿ. ತಟ್ಟೆಯಲ್ಲಿಟ್ಟು, ಮುಚ್ಚದೆ, ಫ್ರಿಜ್ಜಿನ ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ ರಾತ್ರಿಯಿಡೀ ಬಿಡಿ. ಮೇಲಿಟ್ಟರೆ ರಸ ಹಾಲು ಮೊಸರಿಗೆ ತೊಟ್ಟಿಕ್ಕುತ್ತದೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಹೊರಗಿಡುವ ಮಾತೇ ಬೇಡ. ಬೆಳಗ್ಗೆ ಚರ್ಮ ಒಣಗಿ ಕಾಗದದಂತಾಗಿರುತ್ತದೆ. ನಾನು ಮೂರು ಕೋಳಿ ಕೆಡಿಸಿ ಕಲಿತದ್ದು ಇಷ್ಟನ್ನೇ: ಮೈ ಒದ್ದೆಯಿದ್ದರೆ ಶಾಖವೆಲ್ಲ ನೀರು ಆರಿಸಲಿಕ್ಕೇ ಹೋಗುತ್ತದೆ, ಚರ್ಮ ಗರಿಗರಿಯಾಗುವುದಿಲ್ಲ. ಮೊಸರು ಬಳಿದರೆ ನಾವೇ ಒದ್ದೆ ಮಾಡಿದ ಹಾಗೆ. ಖಾರದ ಪುಡಿಯಂತೂ ಹೊರಗಿದ್ದರೆ ಮಾಂಸ ಬೇಯುವ ಮೊದಲೇ ಸೀಯುತ್ತದೆ.

ಹಾಗೆಂದು ಸಪ್ಪೆ ತಿನ್ನಬೇಕಿಲ್ಲ. ಎದೆಯ ಕಡೆಯಿಂದ ಬೆರಳು ತೂರಿಸಿ ಚರ್ಮವನ್ನು ಮೆಲ್ಲಗೆ ಸಡಿಲಿಸಿ, ಬೆಣ್ಣೆಯಲ್ಲಿ ಕಲಸಿದ ಬೆಳ್ಳುಳ್ಳಿ, ಖಾರ, ಕೊತ್ತಂಬರಿಯನ್ನು ಚರ್ಮದ ಅಡಿಗೆ ತುಂಬಿ. ಹೊರಗೆ ಎಣ್ಣೆ ಮಾತ್ರ ಸವರಿ. ಹೊಟ್ಟೆಯೊಳಗೆ ಅರ್ಧ ನಿಂಬೆ ಸಾಕು. ಅನ್ನ, ಮೊಟ್ಟೆ ತುಂಬುವ ಸಾಹಸ ಮೊದಲ ಸಲವೇ ಬೇಡ. ಕಾಲು ಕಟ್ಟುವುದೂ ಬೇಡ, ಬಿಟ್ಟರೆ ತೊಡೆಯ ಸಂದಿಗೆ ಶಾಖ ಚೆನ್ನಾಗಿ ತಾಗುತ್ತದೆ.

ಓಟಿಜಿಯನ್ನು ಮಿಕ್ಸರಿನ ಸಣ್ಣ ಪ್ಲಗ್ಗಿಗೆ ಹಾಕಬೇಡಿ. 1500 ವ್ಯಾಟ್ ಎಂದರೆ ಆರೂವರೆ ಆಂಪಿಯರ್. ವಾಷಿಂಗ್ ಮೆಷಿನ್‌ನ 16 ಆಂಪಿಯರ್ ಸಾಕೆಟ್ಟೇ ಬೇಕು. ನಮ್ಮ ಮನೆಯಲ್ಲಿ ಅದು ಹಿತ್ತಲ ಬಾಗಿಲ ಬಳಿ ಇರುವುದರಿಂದ ಕೋಳಿ ಬೇಯುವುದೂ ಅಲ್ಲೇ, ಸ್ಟೂಲಿನ ಮೇಲೆ.

200 ಡಿಗ್ರಿಗೆ ಹದಿನೈದು ನಿಮಿಷ ಮೊದಲೇ ಕಾಯಿಸಿ, ಕೆಳಗಿನ ಹಂತದಲ್ಲಿ, ಎದೆ ಮೇಲೆ ಮಾಡಿ ಇಡಿ. ಟ್ರೇಯಲ್ಲಿ ಈರುಳ್ಳಿ, ಆಲೂಗಡ್ಡೆ ಹಾಸಿದರೆ ಇಳಿದ ಕೊಬ್ಬನ್ನೆಲ್ಲ ಅವು ಕುಡಿಯುತ್ತವೆ. ನಲವತ್ತು ನಿಮಿಷಕ್ಕೆ ಎದೆ ಕೆಂಪಾಗಿದ್ದರೆ ಅಷ್ಟಕ್ಕೆ ಮಾತ್ರ ಫಾಯಿಲ್ ಹೊದಿಸಿ. ಒಟ್ಟು ಒಂದು ಗಂಟೆ, ಒಂದೂಕಾಲು ಗಂಟೆ ಆಗಬಹುದು. ಗಡಿಯಾರವನ್ನು ನಂಬಬೇಡಿ, ನಡುವೆ ಕರೆಂಟು ಹೋದರೆ ಲೆಕ್ಕವೆಲ್ಲ ತಲೆಕೆಳಗು. ಅಡುಗೆಯ ಥರ್ಮಾಮೀಟರನ್ನು ತೊಡೆಯ ದಪ್ಪ ಭಾಗಕ್ಕೆ, ಎಲುಬಿಗೆ ತಾಗದಂತೆ ಚುಚ್ಚಿ. 74 ಡಿಗ್ರಿ ಬಂದಿರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಸಂದಿಯಲ್ಲಿ ಚಾಕು ಆಡಿಸಿ ನೋಡಿ. ರಸ ಕೆಂಪಗೆ ಬಂದರೆ ಮತ್ತೆ ಒಳಗಿಡಿ.

ತೆಗೆದ ಮೇಲೆ ಹದಿನೈದು ನಿಮಿಷ ಮುಟ್ಟಬೇಡಿ. ಕೂಡಲೇ ಕೊಯ್ದರೆ ರಸವೆಲ್ಲ ತಟ್ಟೆಗೆ ಹರಿಯುತ್ತದೆ.

ನಾಲ್ಕನೆಯ ಕೋಳಿಯ ಕಾಲನ್ನು ಅವ್ವನಿಗೆ ಕೊಟ್ಟೆ. ಅದನ್ನು ಮೊಮ್ಮಗನ ತಟ್ಟೆಗೆ ದಾಟಿಸಿ, ಬೆನ್ನಿನ ಚರ್ಮವನ್ನು ಕಿತ್ತು ಶೇಂಗಾ ಹಿಂಡಿಯ (ಚಟ್ನಿಪುಡಿಯ) ಜೊತೆ ರೊಟ್ಟಿಯಲ್ಲಿ ಸುತ್ತಿಕೊಂಡಳು. ಮರುದಿನ ಉಳಿದ ಎಲುಬುಗಳನ್ನು ಕುಕ್ಕರಿಗೆ ಹಾಕಿದವಳೂ ಅವಳೇ.