ಫ್ರೆಂಚ್ ಮತ್ತು ಇತಿಹಾಸ: ಎರಡನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಓದಿದ ಬಗೆ

ಧಾರವಾಡದಲ್ಲಿ ಇತಿಹಾಸ ಎಂ.ಎ. ಓದುತ್ತ ಫ್ರೆಂಚ್ ತರಗತಿಗೂ ಹೆಸರು ಹಚ್ಚಿದವರು ಸಾಮಾನ್ಯವಾಗಿ ಎರಡಕ್ಕೂ ಬೇರೆ ಬೇರೆ ನೋಟ್‌ಬುಕ್ ಇಡುತ್ತಾರೆ. ಆರು ತಿಂಗಳಾದ ಮೇಲೆ ಹೋಟೆಲಿನಲ್ಲಿ ಕಾಫಿ ಕೇಳಲು, ಸ್ಟೇಶನ್ನಿನಲ್ಲಿ ಟಿಕೆಟ್ ತಗೊಳ್ಳಲು ಬರುತ್ತದೆ. 18ನೇ ಶತಮಾನದ ಒಂದು ಪತ್ರ ಮುಂದಿಟ್ಟರೆ ಮೊದಲ ಸಾಲೇ ಕೈಗೆ ಹತ್ತುವುದಿಲ್ಲ. ನಾನು ಮೊದಲ ನಾಲ್ಕು ತಿಂಗಳು ವ್ಯಾಕರಣಕ್ಕೆ ಕೊಟ್ಟು, ಐದನೆಯ ತಿಂಗಳಿನಿಂದ ಇತಿಹಾಸದ ಪುಟವನ್ನೇ ಫ್ರೆಂಚ್ ಪಾಠ ಮಾಡಿಕೊಂಡೆ. ದಿನಕ್ಕೆ ಒಂದೂವರೆ ತಾಸು, ವಾರಕ್ಕೆ ಆರು ದಿನ, ಎರಡು ವರ್ಷ.

ನಮ್ಮ ಭಾಗದ ಇತಿಹಾಸಕ್ಕೆ ಫ್ರೆಂಚ್ ಯಾಕೆ ಬೇಕು ಎನ್ನುವವರಿಗೆ ಸವಣೂರು ಸಾಕು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾಯನ ದಂಡು ಮತ್ತು ನಿಜಾಮ ಸಲಾಬತ್ ಜಂಗನ ದಂಡು ಸೇರಿ ಸವಣೂರಿಗೆ ಮುತ್ತಿಗೆ ಹಾಕಿದಾಗ, ನಿಜಾಮನ ಕಡೆ ಫ್ರೆಂಚ್ ಸೇನಾನಿ ಬುಸ್ಸಿ ತನ್ನ ಪಡೆಯೊಂದಿಗೆ ಇದ್ದ. ಮರಾಠಿ ಕಾಗದಪತ್ರ ಓದುವವರು ಧಾರವಾಡದಲ್ಲಿ ಮೊದಲಿಂದಲೂ ಇದ್ದಾರೆ. ಇಂಗ್ಲಿಷ್ ಗ್ರಂಥಗಳೂ ಸಿಗುತ್ತವೆ. ಬುಸ್ಸಿಯ ಕಡೆಯವರು ಫ್ರೆಂಚರ ಮುಖ್ಯ ಠಾಣೆಯಾಗಿದ್ದ ಪುದುಚೇರಿಗೆ ಏನು ಬರೆಯುತ್ತಿದ್ದರು ಎಂಬುದನ್ನು ಮಾತ್ರ ಇಂಗ್ಲಿಷಿನವರ ಬಾಯಿಂದಲೇ ಕೇಳುತ್ತ ಬಂದಿದ್ದೇವೆ. ಆಗ ಫ್ರೆಂಚರಿಗೂ ಇಂಗ್ಲಿಷರಿಗೂ ವೈರವಿತ್ತು. ಒಬ್ಬರ ಮಾತನ್ನು ಇನ್ನೊಬ್ಬರಿಂದ ತಿಳಿದುಕೊಳ್ಳುವುದು ನ್ಯಾಯವಲ್ಲ.

ಮೊದಲು ಕಲಿಯಬೇಕಾದದ್ದು ಪಾಸೆ ಸ್ಯಾಂಪ್ಲ್ ಎಂಬ ಭೂತಕಾಲ. ಮಾತಿನಲ್ಲಿ ಬಳಸುವುದಿಲ್ಲವೆಂದು ತರಗತಿಯಲ್ಲಿ ಇದನ್ನು ಕೊನೆಗೆ ತಳ್ಳುತ್ತಾರೆ. ಇತಿಹಾಸದ ಬರವಣಿಗೆಯಲ್ಲಿ ಸಾಲುಸಾಲಿಗೂ ಅದೇ. ಎಲ್ಲ ಪುರುಷಗಳ ರೂಪ ಉರುಹೊಡೆಯುವುದು ಬೇಡ. ‘ಅವನು’, ‘ಅವರು’ ಎರಡೇ ರೂಪ ಗಟ್ಟಿಮಾಡಿದರೆ ಹೆಚ್ಚಿನ ಪುಟಗಳು ತೆರೆದುಕೊಳ್ಳುತ್ತವೆ. ಆತ್ಮಕಥನ ಓದುವಾಗ ‘ನಾನು’ ರೂಪ ಸೇರಿಸಿಕೊಂಡರಾಯಿತು. ಮೋಸ ಮಾಡುವ ಜಾಗ ಮೂರು. ‘ಫ್ಯು’ ಎಂದರೆ ಇದ್ದ, ‘ಫಿ’ ಎಂದರೆ ಮಾಡಿದ. ಬರಹದಲ್ಲಿ ಒಂದೇ ಅಕ್ಷರದ ಅಂತರ. ಅದೇ ‘ಫ್ಯು’ದ ಸ್ವರದ ಮೇಲೆ ಟೋಪಿಯಂಥ ಗುರುತು ಇದ್ದರೆ ಅದು ಬೇರೆಯೇ ರೂಪ, ‘ಇರಲಿ’, ‘ಇದ್ದಿದ್ದರೂ’ ಎಂಬ ಧಾಟಿಯದು. ನಡೆದ ಸಂಗತಿ ಅಲ್ಲ. ಮೂರನೆಯದು ‘ವಿ’: ಅವನು ನೋಡಿದ ಎಂದೂ ಆಗುತ್ತದೆ, ಅವನು ಬದುಕಿದ್ದಾನೆ ಎಂದೂ ಆಗುತ್ತದೆ. ಅಕ್ಕಪಕ್ಕದ ಕ್ರಿಯಾಪದಗಳ ಕಾಲ ನೋಡಿಯೇ ತೀರ್ಮಾನಿಸಬೇಕು.

ಲಿಂಗದ ವಿಷಯದಲ್ಲಿ ಕನ್ನಡದವರಿಗೆ ಕಷ್ಟ ಜಾಸ್ತಿ. ನಮ್ಮಲ್ಲಿ ಕಲ್ಲು, ಮರ, ಒಪ್ಪಂದ ಎಲ್ಲ ನಪುಂಸಕ. ಅಲ್ಲಿ ಒಂದೊಂದಕ್ಕೂ ಗಂಡು ಇಲ್ಲವೇ ಹೆಣ್ಣು. ‘ಸಿಯೋಂ’ ಎಂದು ಮುಗಿಯುವ ರೆವೊಲ್ಯುಸಿಯೋಂನಂಥವು ಹೆಣ್ಣು, ‘ಮಾಂ’ ಎಂದು ಮುಗಿಯುವ ಗೂವೆರ್ನಮಾಂನಂಥವು ಸಾಮಾನ್ಯವಾಗಿ ಗಂಡು, ‘ತೆ’ ಎಂದು ಮುಗಿಯುವ ಲಿಬೆರ್ತೆಯಂಥವು ಹೆಣ್ಣು. ಈ ಕೊನೆಯ ನಿಯಮ ಇತಿಹಾಸದವರಿಗೇ ಕೈಕೊಡುತ್ತದೆ: ತ್ರೆತೆ (ಒಪ್ಪಂದ), ಕೊಮಿತೆ (ಸಮಿತಿ) ಎರಡೂ ಗಂಡು, ಮತ್ತು ಎರಡೂ ನಮಗೆ ದಿನಾ ಬೇಕಾದ ಪದಗಳು. ಒಂದು ಅನುಕೂಲವೂ ಇದೆ. ತ್ಯು ಮತ್ತು ವೂ ಎಂಬ ಭೇದ ನಮ್ಮ ನೀನು–ನೀವು ಇದ್ದ ಹಾಗೇ; ಪತ್ರದಲ್ಲಿ ಯಾರು ಯಾರಿಗೆ ಎಷ್ಟು ಮರ್ಯಾದೆ ಕೊಟ್ಟಿದ್ದಾರೆ ಎಂಬುದು ಇಂಗ್ಲಿಷ್ ಅನುವಾದದಲ್ಲಿ ಕಳೆದುಹೋಗುತ್ತದೆ, ಕನ್ನಡದಲ್ಲಿ ಉಳಿಯುತ್ತದೆ.

ಹಳೆಯ ಪುಸ್ತಕಗಳಿಗೆ ನಾನು ನೆಚ್ಚಿಕೊಂಡದ್ದು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ಎಂಬ ಜಾಲತಾಣ. ದುಡ್ಡಿಲ್ಲದೆ ಡೌನ್‌ಲೋಡ್ ಆಗುತ್ತದೆ. ಹುಡುಕುವುದರಲ್ಲೇ ಹೆಚ್ಚಿನವರು ಸೋಲುವುದು. 1835ರಲ್ಲಿ ಫ್ರೆಂಚ್ ಅಕಾಡೆಮಿಯ ನಿಘಂಟು ಹೊಸ ಕಾಗುಣಿತ ಒಪ್ಪಿಕೊಳ್ಳುವವರೆಗೆ ‘ಇದ್ದ’ ಎಂಬರ್ಥದ ‘ಎತೆ’ ಪದವನ್ನು, ಈಗ ರೋಮನ್ ಅಕ್ಷರದ ಎ–ಐ ಇರುವಲ್ಲಿ ಬಹುಮಟ್ಟಿಗೆ ಓ–ಐ ಹಾಕಿ ಬರೆಯುತ್ತಿದ್ದರು. ಇಂದಿನ ಕಾಗುಣಿತದಲ್ಲಿ ಹುಡುಕಿದರೆ ಸಿಗುವುದಿಲ್ಲ. ಹಳೆಯ ಅಚ್ಚಿನ ಉದ್ದ ‘ಎಸ್’ ನೋಡಲು ‘ಎಫ್’ನಂತೆ ಇರುವುದರಿಂದ ಸ್ಕ್ಯಾನಿನ ಪುಟವನ್ನು ಅಕ್ಷರಗಳಾಗಿ ಓದುವ ಯಂತ್ರ ಅದನ್ನು ಎಫ್ ಎಂದೇ ಓದಿರುತ್ತದೆ; ಆದ್ದರಿಂದ ಎಫ್ ಹಾಕಿಯೂ ಒಮ್ಮೆ ಹುಡುಕಬೇಕು. ಊರು, ಮನುಷ್ಯರ ಹೆಸರಿಗೂ ಇದೇ ಪಾಡು. ಫ್ರೆಂಚರು ನಮ್ಮ ‘ಉ’ಕಾರಕ್ಕೆ ಓ–ಯು ಎರಡಕ್ಷರ ಬರೆಯುತ್ತಾರೆ, ‘ಶ’ಕ್ಕೆ ಸಿ–ಎಚ್, ‘ಹ’ವನ್ನು ಎಷ್ಟೋ ಸಲ ಬಿಟ್ಟೇಬಿಡುತ್ತಾರೆ. ಹೈದರ್ ‘ಐದೆರ್’ ಆಗುವುದು ಹೀಗೆ. ಸವಣೂರನ್ನು ಇಂಗ್ಲಿಷರು ಶಾನೂರ್ ಎಂದೂ ಬರೆದಿದ್ದಾರೆ, ಹಾಗಾಗಿ ‘ಸ’ ಮತ್ತು ‘ಶ’ ಎರಡರಿಂದಲೂ ಶುರುವಾಗುವ ಐದಾರು ರೂಪ ಮೊದಲೇ ಬರೆದಿಟ್ಟುಕೊಂಡು ಕೂಡಬೇಕು. ಉಲ್ಲೇಖ ಬರೆಯುವಾಗ ಪರದೆಯ ಮೇಲಿನ ‘ವ್ಯು’ ಸಂಖ್ಯೆ ಹಾಕಬಾರದು. ಅದು ಸ್ಕ್ಯಾನಿನ ಕ್ರಮಸಂಖ್ಯೆ. ಪುಸ್ತಕದ ಅಚ್ಚಾದ ಪುಟಸಂಖ್ಯೆ ಬೇರೆ.

ಒಂದು ಸಾಲನ್ನು ಹೇಗೆ ಬಿಡಿಸುತ್ತೇನೆಂದು ತೋರಿಸುತ್ತೇನೆ. ಅಭ್ಯಾಸಕ್ಕೆಂದು ನಾನೇ ಕಟ್ಟಿದ ವಾಕ್ಯ: ‘ಲ ನಬಾಬ್ ಎತೆ ಅವೆಕ್ ಸೆ ತ್ರೂಪ್ ಸೂ ಲೆ ಮ್ಯುರ್ ದ ಲಾ ಪ್ಲಾಸ್’. ಪದಕ್ಕೆ ಪದ ಇಟ್ಟರೆ ‘ನವಾಬ ತನ್ನ ಪಡೆಯೊಂದಿಗೆ ಜಾಗದ ಗೋಡೆಗಳ ಕೆಳಗೆ ಇದ್ದ’ ಎಂದಾಗುತ್ತದೆ, ನೆಲಮಾಳಿಗೆಯಲ್ಲಿ ಅವಿತಂತೆ. ಯುದ್ಧದ ಬರಹದಲ್ಲಿ ‘ಪ್ಲಾಸ್’ ಎಂದರೆ ಕೋಟೆ. ‘ಗೋಡೆಗಳ ಕೆಳಗೆ’ ಎಂದರೆ ಕೋಟೆಯ ಬುಡದಲ್ಲಿ, ಹೊರಗೆ. ‘ನವಾಬ ಕೋಟೆಯ ಬುಡದಲ್ಲಿ ದಂಡಿನೊಂದಿಗೆ ಬೀಡುಬಿಟ್ಟಿದ್ದ’ ಎಂಬುದು ಸರಿ. ಹಳೆಯ ಅರ್ಥಗಳಿಗೆ 19ನೇ ಶತಮಾನದ ಲಿತ್ರೆ ನಿಘಂಟು ನೋಡುತ್ತೇನೆ. ಮೊಬೈಲಿನ ಅನುವಾದ ನೆಚ್ಚಿದರೆ ‘ಪಾರ್ಲಮಾಂ’ ಎಂಬುದು ಸಂಸತ್ತಾಗುತ್ತದೆ. ಕ್ರಾಂತಿಗಿಂತ ಮುಂಚಿನ ಫ್ರಾನ್ಸಿನಲ್ಲಿ ಅದು ಉಚ್ಚ ನ್ಯಾಯಾಲಯ. ‘ಆಂಸ್ಯಾಂ’ ಎಂಬುದು ನಾಮಪದಕ್ಕಿಂತ ಮೊದಲು ಬಂದರೆ ಬಹುಮಟ್ಟಿಗೆ ಮಾಜಿ, ನಂತರ ಬಂದರೆ ಪುರಾತನ. ಮಾಜಿ ಗವರ್ನರನನ್ನು ಮುದುಕ ಗವರ್ನರ್ ಮಾಡಿದ ಪ್ರಬಂಧಗಳಿವೆ.

ತಾರೀಖುಗಳಲ್ಲಿ ಆಗುವ ತಪ್ಪು ಇದಕ್ಕಿಂತ ದೊಡ್ಡದು, ಯಾಕೆಂದರೆ ಕಣ್ಣಿಗೆ ಬೀಳುವುದೇ ಇಲ್ಲ. ಕೈಬರಹದ ಪತ್ರದಲ್ಲಿ 7ರ ಪಕ್ಕ ಬಿ, ಆರ್, ಇ ಎಂದು ಸಣ್ಣದಾಗಿ ಬರೆದಿದ್ದರೆ ಅದು ಏಳನೆಯ ತಿಂಗಳಲ್ಲ, ಸೆಪ್ಟೆಂಬರ್. ಲ್ಯಾಟಿನ್‌ನಲ್ಲಿ ‘ಸೆಪ್ಟೆಮ್’ ಎಂದರೆ ಏಳು, ಆ ಹೆಸರಿನ ಸಂಕ್ಷೇಪ ಅದು. ಹಾಗೆಯೇ 8 ಅಕ್ಟೋಬರ್, 9 ನವೆಂಬರ್, ಎಕ್ಸ್ ಅಕ್ಷರ ಡಿಸೆಂಬರ್. ಜುಲೈ ಎಂದು ಬರೆದುಕೊಂಡರೆ ಎರಡು ತಿಂಗಳು ಹಿಂದೆ ಹೋದಿರಿ. ನಮ್ಮ ಕಡೆ ಆ ಎರಡು ತಿಂಗಳೆಂದರೆ ಮಳೆಗಾಲದ ನಡುವೆಯೋ ಕೊನೆಯೋ ಎಂಬ ವ್ಯತ್ಯಾಸ, ದಂಡು ನಡೆಯಿತೋ ನಿಂತಿತೋ ಎಂಬುದೇ ಬದಲಾಗುತ್ತದೆ. ಎರಡನೆಯದಾಗಿ, 1752ರವರೆಗೆ ಇಂಗ್ಲಿಷರು ಹಳೆಯ (ಜೂಲಿಯನ್) ಪಂಚಾಂಗದಲ್ಲಿದ್ದರು; ಫ್ರಾನ್ಸ್ 1582ರಲ್ಲೇ ಬದಲಿಸಿತ್ತು. ಮದ್ರಾಸ್ ಫ್ರೆಂಚರ ವಶವಾದದ್ದು ಫ್ರೆಂಚ್ ಲೆಕ್ಕದಲ್ಲಿ 1746ರ ಸೆಪ್ಟೆಂಬರ್ 21, ಇಂಗ್ಲಿಷ್ ಲೆಕ್ಕದಲ್ಲಿ ಸೆಪ್ಟೆಂಬರ್ 10. ಎರಡೂ ಒಂದೇ ದಿನ. ಮೂರನೆಯದು ಫ್ರೆಂಚ್ ಕ್ರಾಂತಿಯ ಪಂಚಾಂಗ. ಮೊದಲ ವರ್ಷ ಶುರುವಾಗುವುದು 1792ರ ಸೆಪ್ಟೆಂಬರ್ 22ಕ್ಕೆ, 30 ದಿನದ 12 ತಿಂಗಳು, ಕೊನೆಗೆ 5 ಅಥವಾ 6 ಹೆಚ್ಚಿನ ದಿನ. ಶ್ರೀರಂಗಪಟ್ಟಣ ಬಿದ್ದ 1799ರ ಮೇ 4ನ್ನು ಹೀಗೆ ತಿರುಗಿಸಬೇಕು: 7ನೇ ವರ್ಷದ ಫ್ಲೊರೆಯಾಲ್ ತಿಂಗಳ 1 ಎಂದರೆ ಏಪ್ರಿಲ್ 20, ಅಲ್ಲಿಂದ ಎಣಿಸಿದರೆ ಫ್ಲೊರೆಯಾಲ್ 15. ಎಲ್ಲ ವರ್ಷಕ್ಕೂ ಇದೇ ಲೆಕ್ಕ ಹಚ್ಚಬಾರದು. 4ನೇ ಮತ್ತು 8ನೇ ವರ್ಷ ಸೆಪ್ಟೆಂಬರ್ 23ಕ್ಕೆ ಶುರುವಾಗುತ್ತವೆ, 12ನೇ ವರ್ಷ 24ಕ್ಕೆ.

ಹಳೆಯ ಫ್ರೆಂಚ್ ಹಣದ ಲೆಕ್ಕ ನಮ್ಮ ರೂಪಾಯಿ–ಆಣೆ–ಪೈ ಇದ್ದಂತೆ. ಒಂದು ಲೀವ್ರ್‌ಗೆ 20 ಸೂ, ಒಂದು ಸೂಗೆ 12 ದೆನಿಯೆ. 12 ಲೀವ್ರ್ 7 ಸೂ 6 ದೆನಿಯೆ ಎಂಬುದನ್ನು ಎಕ್ಸೆಲ್‌ನಲ್ಲಿ 12.76 ಎಂದು ತುಂಬಿದರೆ ಕೋಷ್ಟಕವೇ ಕೆಡುತ್ತದೆ, ಅದು 12.375.

ಪ್ರಮಾಣಪತ್ರ ಬೇಕೆನ್ನುವವರು ಡೆಲ್ಫ್ ಎಂಬ ಫ್ರೆಂಚ್ ಭಾಷಾ ಪರೀಕ್ಷೆಯ ಬಿ2 ಹಂತದ ಗುರಿ ಇಟ್ಟುಕೊಳ್ಳಬಹುದು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ಒಂದೊಂದಕ್ಕೆ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವುದೇ ಒಂದರಲ್ಲಿ 5ಕ್ಕಿಂತ ಕಡಿಮೆ ಬಂದರೆ ಉಳಿದದ್ದು ಎಷ್ಟಿದ್ದರೂ ಫೇಲು. ಬರೀ ಪುಟ ಓದಿದವರು ಕೇಳುವ ಭಾಗದಲ್ಲಿ ಸಿಕ್ಕಿಬೀಳುತ್ತಾರೆ, ವಿಶೇಷವಾಗಿ ಇಸವಿಗಳಲ್ಲಿ: 99 ಎನ್ನಲು ಅವರು ‘ನಾಲ್ಕು ಇಪ್ಪತ್ತು ಹತ್ತೊಂಬತ್ತು’ ಎನ್ನುತ್ತಾರೆ. ಹುಬ್ಬಳ್ಳಿ–ಧಾರವಾಡ ಚಿಗರಿ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಆರ್‌ಎಫ್‌ಐ ಎಂಬ ಫ್ರೆಂಚ್ ರೇಡಿಯೊದ ಸುಲಭ ಫ್ರೆಂಚ್ ವಾರ್ತೆ ಎರಡು ಸಲ ಕೇಳುವಷ್ಟು ಹೊತ್ತು ಸಿಗುತ್ತದೆ. ಒಮ್ಮೆ ಸುಮ್ಮನೆ ಕೇಳಿ, ಮತ್ತೊಮ್ಮೆ ಅಂಕಿಗಳನ್ನಷ್ಟೇ ಬರೆದುಕೊಳ್ಳಿ.

ಕನ್ನಡಕ್ಕೆ ತರುವಾಗ ಫ್ರೆಂಚಿನ ‘ಕಿ’, ‘ಕ’ ಎಂಬ ವಾಕ್ಯ ಜೋಡಿಸುವ ಪದಗಳನ್ನು ಹಿಡಿದು ಜೋತಾಡುವ ಉದ್ದ ವಾಕ್ಯವನ್ನು ಕೊನೆಯಿಂದ ಬಿಡಿಸಿ, ‘ಬಂದ’, ‘ಕಳಿಸಿದ’ ಎಂಬ ಕೃದಂತಗಳಿಂದ ನಾಮಪದಕ್ಕೆ ಮುಂಚೆ ಕಟ್ಟುತ್ತೇನೆ. ಅಂಥ ಕೃದಂತ ಮೂರಕ್ಕಿಂತ ಹೆಚ್ಚಾದರೆ ವಾಕ್ಯ ಒಡೆಯುತ್ತೇನೆ. ಒಂದು ದಿನ ಬಿಟ್ಟು ಮೂಲ ಮತ್ತು ಅನುವಾದ ಎರಡರಲ್ಲೂ ಕ್ರಿಯೆಗಳನ್ನು ಎಣಿಸುತ್ತೇನೆ. ಮೂಲದಲ್ಲಿ ಒಂಬತ್ತಿದ್ದು ನನ್ನದರಲ್ಲಿ ಏಳೇ ಇದ್ದರೆ ಎಲ್ಲೋ ಎರಡು ಸಂಗತಿ ಜಾರಿವೆ. ಆ ಸಾಲಿನಿಂದ ಮತ್ತೆ ಶುರು.