ಸೂಪರ್‌ಹೀರೊ ಬಿಜಿಎಂ ಬಗ್ಗೆ ಜಗಳ ಆಡುವುದಾದರೆ ಹೀಗೆ ಆಡಿ

"ಎಲ್ಲಿ, ಮಾರ್ವೆಲ್ ಸಿನಿಮಾದ ಒಂದೇ ಒಂದು ಟ್ಯೂನ್ ಗುನುಗಿ ನೋಡೋಣ" ಅಂತ ಯಾರೋ ಶುರು ಮಾಡುತ್ತಾರೆ. ಇನ್ನೊಬ್ಬರು ಅವೆಂಜರ್ಸ್ ಥೀಮ್ ಗುನುಗುತ್ತಾರೆ. ಮೂರನೆಯವರು ಹಾನ್ಸ್ ಝಿಮ್ಮರ್ ಹೆಸರು ಎತ್ತುತ್ತಾರೆ, ನಾಲ್ಕನೆಯವರು "ಅದೆಲ್ಲ ಬರೀ ಸದ್ದು ಮಾರಾಯ್ರೆ, ಜಾನ್ ವಿಲಿಯಮ್ಸ್ ಆದಮೇಲೆ ಯಾರೂ ಬರಲಿಲ್ಲ" ಅನ್ನುತ್ತಾರೆ. ಇಬ್ಬರೂ ಹಾಲಿವುಡ್ ಸಿನಿಮಾಗಳಿಗೆ ಸಂಗೀತ ಬರೆಯುವ ದೊಡ್ಡ ಕಂಪೋಸರ್‌ಗಳು. ಅಲ್ಲಿಗೆ ಆ ರಾತ್ರಿ ಮುಗಿಯಿತು. ನನಗೂ ಈ ಜಗಳ ಇಷ್ಟವೇ. ಆದರೆ ಇದರಲ್ಲಿ ಜಾಸ್ತಿ ಬೈಗುಳ ಕಂಪೋಸರ್ ಮೇಲೆ ಬೀಳುತ್ತದೆ, ತಪ್ಪು ಎಷ್ಟೋ ಸಲ ಬೇರೆಯವರದ್ದಾಗಿರುತ್ತದೆ. ಆದ್ದರಿಂದ ಬಾಯಿ ಬಿಡುವ ಮೊದಲು ಕೆಲವು ವಿಷಯ ನೋಡಿಕೊಳ್ಳಿ.

ಮೊದಲು, ಯಾವುದರ ಬಗ್ಗೆ ಜಗಳ ಅಂತ ತೀರ್ಮಾನ ಮಾಡಿ. ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ (2014) ಸಂಗೀತ ಸೂಪರ್ ಅನ್ನುವವರು ಸಾಮಾನ್ಯವಾಗಿ ಅದರಲ್ಲಿರುವ ಹಳೆಯ ಪಾಪ್ ಹಾಡುಗಳನ್ನು ಹೊಗಳುತ್ತಿರುತ್ತಾರೆ, ಟೈಲರ್ ಬೇಟ್ಸ್ ಮಾಡಿದ ಸ್ಕೋರನ್ನಲ್ಲ, ಅಂದರೆ ಹಿನ್ನೆಲೆ ಸಂಗೀತವನ್ನಲ್ಲ. 1989ರ ಬ್ಯಾಟ್‌ಮ್ಯಾನ್‌ಗೂ ಎರಡು ಆಲ್ಬಂ ಇವೆ, ಪ್ರಿನ್ಸ್ ಹಾಡುಗಳದ್ದು ಒಂದು, ಡ್ಯಾನಿ ಎಲ್ಫ್‌ಮನ್ ಸ್ಕೋರ್ ಇನ್ನೊಂದು. ಹಾಡು ಬೇರೆ, ಹಿನ್ನೆಲೆ ಸಂಗೀತ ಬೇರೆ. ಇಷ್ಟು ಒಪ್ಪಿಕೊಂಡರೆ ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತದೆ.

ಇನ್ನು ಗುನುಗುವ ಪರೀಕ್ಷೆ. 2016ರಲ್ಲಿ ಯೂಟ್ಯೂಬಿನಲ್ಲಿ ಬಂದ ಒಂದು ವಿಡಿಯೊ ಇದಕ್ಕೆ ತುಪ್ಪ ಸುರಿಯಿತು. ದಾರಿಯಲ್ಲಿ ಸಿಕ್ಕವರು ಸ್ಟಾರ್ ವಾರ್ಸ್, ಜೇಮ್ಸ್ ಬಾಂಡ್ ಸಂಗೀತ ಗುನುಗಿದರು, ಮಾರ್ವೆಲ್‌ದು ಗುನುಗಿ ಅಂದಾಗ ತಡವರಿಸಿದರು. ನೀವೂ ಈ ಪರೀಕ್ಷೆ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ಸಿನಿಮಾದಲ್ಲಿ ಆ ಥೀಮ್‌ಗೆ ಒಂಟಿಯಾಗಿ ನಿಲ್ಲಲು ಜಾಗ ಎಲ್ಲಿ ಸಿಕ್ಕಿತು? 1978ರ ಸೂಪರ್‌ಮ್ಯಾನ್ ತೆಗೆದುಕೊಳ್ಳಿ. ಶುರುವಿನಲ್ಲಿ ಹೆಸರುಗಳು ಒಂದೊಂದಾಗಿ ಹಾರಿ ಬರುತ್ತವೆ, ನಿಮಿಷಗಟ್ಟಲೆ ಮಾತಿಲ್ಲ, ಹೊಡೆದಾಟವಿಲ್ಲ, ವಿಲಿಯಮ್ಸ್ ಅವರ ಕವಾಯತು ಲಯದ ಮಾರ್ಚ್‌ ಒಂದೇ, ಅದೂ ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿದ್ದು. ಹೀರೊ ಬರುವ ಮೊದಲೇ ಟ್ಯೂನ್ ನಮಗೆ ಬಾಯಿಪಾಠ ಆಗಿರುತ್ತದೆ. ಈಗಿನ ಸಿನಿಮಾ ನೇರವಾಗಿ ದೃಶ್ಯಕ್ಕೆ ಜಿಗಿಯುತ್ತದೆ. ಥೀಮ್ ಪೂರ್ತಿಯಾಗಿ ಬರುವುದು ಕೊನೆಯ ಟೈಟಲ್‌ನಲ್ಲಿ, ಆಗ ನಾವು ಪೋಸ್ಟ್ ಕ್ರೆಡಿಟ್ ಸೀನ್ ಕಾಯುತ್ತಾ ಮೊಬೈಲ್ ನೋಡುತ್ತಿರುತ್ತೇವೆ, ಅಲ್ವಾ? ಮಧ್ಯದಲ್ಲಿ ಎಲ್ಲಾದರೂ ಬಂದರೆ ಅದರ ಮೇಲೆ ಒಂದು ಜೋಕ್, ಎರಡು ಸ್ಫೋಟ. ಇದರಲ್ಲಿ ಕಂಪೋಸರ್ ತಪ್ಪೇನು?

ಮೂರನೆಯದು ತುಂಬ ಜನ ಬಿಟ್ಟುಬಿಡುವ ಕೆಲಸ. ಕಂಪೋಸರ್‌ಗಳ ಪಟ್ಟಿ ತೆಗೆದು ಮುಂದೆ ಇಟ್ಟುಕೊಳ್ಳಿ. ಐರನ್ ಮ್ಯಾನ್ ಮೊದಲ ಭಾಗಕ್ಕೆ (2008) ರಮೀನ್ ಜವಾದಿ, ಎರಡನೆಯದಕ್ಕೆ ಜಾನ್ ಡೆಬ್ನಿ, ಮೂರನೆಯದಕ್ಕೆ ಬ್ರಯಾನ್ ಟೈಲರ್. ಥೋರ್ ಕಥೆ ಇನ್ನೂ ಕಷ್ಟ: ಪ್ಯಾಟ್ರಿಕ್ ಡೋಯ್ಲ್, ಬ್ರಯಾನ್ ಟೈಲರ್, ಮಾರ್ಕ್ ಮದರ್ಸ್‌ಬಾ, ಮೈಕಲ್ ಜಕೀನೊ. ನಾಲ್ಕು ಸಿನಿಮಾ, ಒಂದೊಂದಕ್ಕೂ ಬೇರೆಯವರು. ಪ್ರತಿ ಸಲ ಹೊಸಬರು ಬಂದು ಹೊಸ ಟ್ಯೂನ್ ಕಟ್ಟಿದರೆ ಯಾವ ಟ್ಯೂನ್ ತಾನೇ ನೆನಪಲ್ಲಿ ಉಳಿಯುತ್ತದೆ? ಆ ಟ್ಯೂನ್‌ಗಳು ಕೆಟ್ಟವಲ್ಲ. ಜವಾದಿಯವರ ಗಿಟಾರ್ ಈಗಲೂ ಕೇಳಲು ಮಜವಾಗಿದೆ. ಅವನ್ನು ಯಾರೂ ಮುಂದಕ್ಕೆ ಒಯ್ಯಲಿಲ್ಲ, ಅಷ್ಟೇ.

ಅವೆಂಜರ್ಸ್ ಥೀಮ್ ಜನರ ಬಾಯಲ್ಲಿ ಇರುವುದಕ್ಕೂ ಇದೇ ಕಾರಣ. ಅಲನ್ ಸಿಲ್ವೆಸ್ಟ್ರಿ 2012ರಲ್ಲಿ ಅದನ್ನು ಮಾಡಿದರು. 2015ರ ಏಜ್ ಆಫ್ ಅಲ್ಟ್ರಾನ್‌ಗೆ ಬ್ರಯಾನ್ ಟೈಲರ್, ಡ್ಯಾನಿ ಎಲ್ಫ್‌ಮನ್ ಬಂದರೂ ಆ ಟ್ಯೂನ್ ಬಿಡಲಿಲ್ಲ. 2018ರ ಇನ್ಫಿನಿಟಿ ವಾರ್‌ಗೆ ಸಿಲ್ವೆಸ್ಟ್ರಿ ವಾಪಸ್. ಆಮೇಲೆ 2019ರ ಎಂಡ್‌ಗೇಮ್‌ನಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡು ಎಲ್ಲರೂ ಬರುವ ಆ ಸೀನ್. ಸಂಗೀತ ಸಣ್ಣಗೆ ಶುರುವಾಗಿ ಏರುತ್ತಾ ಏರುತ್ತಾ ಕೊನೆಗೆ ಥೀಮ್ ಬಂದು ಬಿದ್ದಾಗ ಥಿಯೇಟರ್‌ನಲ್ಲಿ ಎದ್ದ ಶಿಳ್ಳೆ ಆ ಒಂದು ಸಿನಿಮಾದ ಸಂಪಾದನೆಯಲ್ಲ, ಏಳು ವರ್ಷದ್ದು. ಮಾರ್ವೆಲ್‌ಗೆ ಟ್ಯೂನೇ ಇಲ್ಲ ಅನ್ನುವವರಿಗೆ ಇದನ್ನು ಹೇಳಿ. ಮಾರ್ವೆಲ್ ಸಂಗೀತ ಎಲ್ಲ ಚೆನ್ನಾಗಿದೆ ಅನ್ನುವವರಿಗೂ ಇದನ್ನೇ ಹೇಳಿ.

ಟೆಂಪ್ ಟ್ರ್ಯಾಕ್ ಅನ್ನುವುದನ್ನೂ ತಿಳಿದುಕೊಂಡಿರಿ, ವಾದದಲ್ಲಿ ಬಂದೇ ಬರುತ್ತದೆ. ಎಡಿಟಿಂಗ್ ಮಾಡುವಾಗ ಸ್ಕೋರ್ ಇನ್ನೂ ಸಿದ್ಧ ಇರುವುದಿಲ್ಲ, ಆದ್ದರಿಂದ ಬೇರೆ ಯಾವುದೋ ಸಿನಿಮಾದ ಸಂಗೀತ ತಂದು ಸೀನ್ ಕೆಳಗೆ ಹಾಕುತ್ತಾರೆ. ತಿಂಗಳುಗಟ್ಟಲೆ ಅದನ್ನೇ ಕೇಳಿ ಕೇಳಿ ನಿರ್ದೇಶಕರ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ. ಕಂಪೋಸರ್ ಬಂದಾಗ "ಇದೇ ಥರ ಇರಲಿ" ಅಂತ ಹೇಳಿಬಿಡುತ್ತಾರೆ. ಎಲ್ಲ ಸಿನಿಮಾ ಒಂದೇ ಥರ ಕೇಳಿಸುವುದು ಸುಮ್ನೆ ಅಲ್ಲ.

ಇದಕ್ಕೆ ಉಲ್ಟಾ ದಾರಿಯೂ ಇದೆ. 2019ರ ಜೋಕರ್‌ಗೆ ಹಿಲ್ಡುರ್ ಗುಡ್ನಾಡೊಟ್ಟಿರ್ ಸ್ಕ್ರಿಪ್ಟ್ ಓದಿ ಶೂಟಿಂಗ್‌ಗೆ ಮೊದಲೇ ಸಂಗೀತ ಬರೆಯಲು ಶುರು ಮಾಡಿದ್ದರು. ಬಾತ್‌ರೂಮಿನಲ್ಲಿ ಹೀರೊ ನಿಧಾನವಾಗಿ ಕುಣಿಯುವ ಸೀನ್ ಇದೆಯಲ್ಲ, ಅಲ್ಲಿ ಅವರ ಚೆಲ್ಲೊ (ದೊಡ್ಡ ಪಿಟೀಲಿನಂಥ ವಾದ್ಯ) ಸಂಗೀತವನ್ನು ಸೆಟ್‌ನಲ್ಲೇ ಹಾಕಿದ್ದರು, ವಾಕೀನ್ ಫೀನಿಕ್ಸ್ ಅದಕ್ಕೇ ಕುಣಿದರು. ಸಂಗೀತ ಮೊದಲು, ಸೀನ್ ಆಮೇಲೆ.

ಈಗ ದೊಡ್ಡ ವಿಷಯ. ಆಲ್ಬಂ ಕೇಳಿ ತೀರ್ಪು ಕೊಡಬೇಡಿ, ಸೀನ್ ಜೊತೆ ಕೇಳಿ. ಒಂದು ಸೀನ್ ಆರಿಸಿ, ಮೊದಲು ಸದ್ದು ಪೂರ್ತಿ ತೆಗೆದು ನೋಡಿ, ಆಮೇಲೆ ಕಣ್ಣು ಮುಚ್ಚಿ ಬರೀ ಕೇಳಿ, ಕೊನೆಗೆ ಎರಡೂ ಸೇರಿಸಿ. ಆದರೆ ಹೆಡ್‌ಫೋನ್ ಇರಲಿ, ಮೊಬೈಲ್ ಸ್ಪೀಕರಿನಲ್ಲಿ ತಗ್ಗಿನ ಸ್ವರಗಳು ಕೇಳಿಸುವುದೇ ಇಲ್ಲ. ಇದಕ್ಕೆ ಒಳ್ಳೆಯ ಸೀನ್ ದಿ ಡಾರ್ಕ್ ನೈಟ್ (2008) ಶುರುವಿನ ಬ್ಯಾಂಕ್ ದರೋಡೆ. ಜೋಕರ್‌ಗೆ ಝಿಮ್ಮರ್ ಕೊಟ್ಟಿದ್ದು ಟ್ಯೂನ್ ಅಲ್ಲ, ಚೆಲ್ಲೊ ಮೇಲೆ ಎಳೆದೆಳೆದು ಬಿಗಿಯಾಗುವ ಒಂದೇ ಸ್ವರ. ಅದನ್ನು ಗುನುಗಿ ಅಂದರೆ ನೊಣ ಗುಂಯ್ ಅಂದ ಹಾಗೆ ಆಗುತ್ತದೆ. ಆದರೆ ಸೀನ್‌ನಲ್ಲಿ ಆ ಸ್ವರ ಶುರುವಾದರೆ ಸಾಕು, ಏನೋ ಕೆಟ್ಟದ್ದು ಆಗುತ್ತದೆ ಅಂತ ಹೊಟ್ಟೆಯಲ್ಲಿ ತಳಮಳ. ಗುನುಗುವ ಪರೀಕ್ಷೆಯಲ್ಲಿ ಇದು ಫೇಲ್. ನನ್ನ ಪ್ರಕಾರ ಇಡೀ ಸೂಪರ್‌ಹೀರೊ ಸಂಗೀತದಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಕಡಿಮೆ. ಅದೇ ಸಿನಿಮಾದಲ್ಲಿ ಹಾರ್ವಿ ಡೆಂಟ್‌ಗೆ ಜೇಮ್ಸ್ ನ್ಯೂಟನ್ ಹೊವಾರ್ಡ್ ಮಾಡಿದ ಸಂಗೀತವನ್ನೂ ಕೇಳಿ, ಯಾಕೋ ಅದರ ಹೆಸರನ್ನೇ ಯಾರೂ ಎತ್ತುವುದಿಲ್ಲ.

"ಆಸ್ಕರ್ ಬಂದಿದೆ" ಅನ್ನುವ ಅಸ್ತ್ರ ಹುಷಾರಾಗಿ ಬಳಸಿ. ಬ್ಲ್ಯಾಕ್ ಪ್ಯಾಂಥರ್‌ಗೆ ಬಂತು, ಜೋಕರ್‌ಗೂ ಬಂತು. ಬ್ಲ್ಯಾಕ್ ಪ್ಯಾಂಥರ್‌ಗೆ ಸಿಕ್ಕಿದ್ದು ನ್ಯಾಯವೇ, ಲುಡ್ವಿಗ್ ಯೊರಾನ್ಸನ್ ಸೆನೆಗಲ್‌ಗೆ ಹೋಗಿ ಅಲ್ಲಿನ ಗಾಯಕ ಬಾಬಾ ಮಾಲ್ ಜೊತೆ ಓಡಾಡಿ, ಟಾಕಿಂಗ್ ಡ್ರಮ್ ತಂದು ಹೀರೊ ಟಿಚಾಲಾಗೆ, ಫುಲಾ ಕೊಳಲು ತಂದು ವಿಲನ್ ಕಿಲ್‌ಮಾಂಗರ್‌ಗೆ ಕೊಟ್ಟರು. ಆದರೆ ಡಾರ್ಕ್ ನೈಟ್‌ ಸಂಗೀತಕ್ಕೆ ನಾಮಿನೇಷನ್ ಕೂಡ ಇಲ್ಲ. ಇನ್ನು 1978ರ ಸೂಪರ್‌ಮ್ಯಾನ್? ನಾಮಿನೇಷನ್ ಸಿಕ್ಕಿತು, ಗೆದ್ದಿದ್ದು ಮಾತ್ರ ಬೇರೊಂದು ಸಿನಿಮಾಗೆ ಜಾರ್ಜಿಯೊ ಮೊರೊಡರ್ ಮಾಡಿದ ಸಿಂಥ್ (ಎಲೆಕ್ಟ್ರಾನಿಕ್) ಸಂಗೀತ. ಸಿಂಥ್ ಅಂದರೆ ಸಂಗೀತವೇ ಅಲ್ಲ ಅನ್ನುವ ವಿಲಿಯಮ್ಸ್ ಭಕ್ತರು ಸಿಕ್ಕರೆ ಇದನ್ನು ಹೇಳಿ ಮುಖ ನೋಡಿ.

ಕೆಲವು ಸಲ ಮಧ್ಯದಲ್ಲೇ ಕಂಪೋಸರ್ ಬದಲಾಗಿರುತ್ತಾರೆ, ಅದನ್ನೂ ನೋಡಿಕೊಳ್ಳಿ. ಜಸ್ಟಿಸ್ ಲೀಗ್ (2017) ಕಂಪೋಸರ್ ಜಂಕೀ ಎಕ್ಸ್‌ಎಲ್ ಕೈತಪ್ಪಿ ಎಲ್ಫ್‌ಮನ್ ಕೈಗೆ ಬಂತು, 2021ರಲ್ಲಿ ನಿರ್ದೇಶಕ ಝಾಕ್ ಸ್ನೈಡರ್ ತಮ್ಮ ಇಷ್ಟದಂತೆ ಮಾಡಿದ ಆವೃತ್ತಿ ಸ್ನೈಡರ್ ಕಟ್‌ಗೆ ಮತ್ತೆ ಜಂಕೀ ಎಕ್ಸ್‌ಎಲ್. ಒಂದೇ ಕಥೆಗೆ ಇಬ್ಬರ ಸ್ಕೋರ್, ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ.

ವಿಲಿಯಮ್ಸ್ ದೊಡ್ಡವರೋ ಝಿಮ್ಮರ್ ದೊಡ್ಡವರೋ ಅನ್ನುವ ಜಗಳಕ್ಕೇ ಬಂದರೆ, ವಿಲಿಯಮ್ಸ್ ಸೂಪರ್‌ಮ್ಯಾನನ್ನು ಬ್ಯಾಟ್‌ಮ್ಯಾನ್ ಜೊತೆ ಹೋಲಿಸಬೇಡಿ, ಸೂಪರ್‌ಮ್ಯಾನ್ ಜೊತೆಗೇ ಹೋಲಿಸಿ. 1978ರದ್ದು, ಝಿಮ್ಮರ್ ಅವರ ಮ್ಯಾನ್ ಆಫ್ ಸ್ಟೀಲ್ (2013), ಆಮೇಲೆ 2025ರದ್ದು, ಈ ಮೂರೂ ಕೇಳಿ. 2025ರದ್ದರಲ್ಲಿ ಜಾನ್ ಮರ್ಫಿ, ಡೇವಿಡ್ ಫ್ಲೆಮಿಂಗ್ ಸೇರಿ ವಿಲಿಯಮ್ಸ್ ಟ್ಯೂನನ್ನೇ ಎಲೆಕ್ಟ್ರಿಕ್ ಗಿಟಾರಿಗೆ ಹಾಕಿದ್ದಾರೆ. ಮೂರರಲ್ಲೂ ಅವನು ಮೊದಲ ಸಲ ಹಾರುವ ಜಾಗ ಹುಡುಕಿ, ಅದೊಂದನ್ನೇ ಇಟ್ಟುಕೊಂಡು ವಾದ ಮಾಡಿ. ನನ್ನ ಓಟು ಈಗಲೂ 1978ಕ್ಕೇ, ಆದರೆ ಮ್ಯಾನ್ ಆಫ್ ಸ್ಟೀಲ್ ಪಕ್ಷದವರು ಪಿಯಾನೊದಲ್ಲಿ ಮೆಲ್ಲಗೆ ಶುರುವಾಗುವ ಆ ಥೀಮ್ ಹಾಕಿದರೆ ನಾನು ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಳ್ಳುತ್ತೇನೆ.